ಖಾಲಿ ರೂಮಿಗೆ ‘ಜೀವಕೋಶ’ ಅನ್ನೋ ಹೆಸರು ಬಂದಿದ್ದು ಹೇಗೆ?

ಹೋದ ವಾರ ನಮ್ಮಕ್ಕನ ಮಗಳು ವಾಟ್ಸಾಪಲ್ಲಿ ಒಂದು ಫೋಟೋ ಕಳ್ಸಿದ್ಲು. ಮೊಬೈಲ್ ಕ್ಯಾಮೆರಾಗೆ ಸಿಕ್ಕಿಸೋ ಪುಟ್ಟ ಲೆನ್ಸ್ ಇಟ್ಕೊಂಡು ಈರುಳ್ಳಿ ಪೊರೆದು ತೆಗ್ದಿರೋ ಫೋಟೋ, ಇಟ್ಟಿಗೆ ಗೋಡೆ ಥರ ಸಾಲಾಗಿ ಗೆರೆಗಳು. ಕೆಳಗೆ ಒಂದು ಪ್ರಶ್ನೆ: “ಮಾಮ, 1665ರಲ್ಲಿ ರಾಬರ್ಟ್ ಹುಕ್ ಜೀವಕೋಶ ಕಂಡುಹಿಡಿದ ಅಂತ ಓದಿದೀನಿ, ಅವನು ನೋಡಿದ್ದು ಸತ್ತಿರೋ ಕಾರ್ಕ್ ಅಂತಾನೂ ಓದಿದೀನಿ. ಸತ್ತಿದ್ರೆ ಅದು ಜೀವಕೋಶ ಹೆಂಗಾಯ್ತು?”

ಒಂಬತ್ತನೇ ಕ್ಲಾಸ್ ಹುಡುಗಿ. ನಾನು ಆ ವಯಸ್ಸಲ್ಲಿ ಇಸವಿ ಬಾಯಿಪಾಠ ಮಾಡಿ ಎರಡು ಮಾರ್ಕ್ಸ್ ತಗೊಂಡು ಸುಮ್ನಾಗಿದ್ದೆ. ಈಗ ಈ ಕ್ಲಿಪ್ ಲೆನ್ಸು, ಮಡಚೋ ಪೇಪರ್ ಮೈಕ್ರೋಸ್ಕೋಪು ಎಲ್ಲಾ ಮನೆಗೇ ಬಂದಿರೋದ್ರಿಂದ ಮಕ್ಕಳು ತಾವೇ ನೋಡ್ತಾರೆ, ನೋಡಿದ್ಮೇಲೆ ಪ್ರಶ್ನೆ ಕೇಳ್ತಾರೆ, ಉತ್ತರ ಹೇಳ್ಬೇಕಾದವರು ಗೂಗಲ್ ಮಾಡ್ತಾ ಕೂತಿರ್ತೀವಿ. ಅವಳಿಗೆ ವಾಯ್ಸ್ ಮೆಸೇಜಲ್ಲಿ ಅರ್ಧಂಬರ್ಧ ಹೇಳಿದ್ದನ್ನ ಇಲ್ಲಿ ಪೂರ್ತಿ ಬರೀತಿದೀನಿ.

ಮೊದ್ಲು ಹೆಸರಿನ ವಿಷ್ಯ ಮುಗಿಸೋಣ

ಗೊಂದಲದಲ್ಲಿ ಅರ್ಧ ಭಾಗ ಕನ್ನಡ ಪದದ್ದೇ. ಹುಕ್ ಇಟ್ಟ ಹೆಸರು ಬರೀ ‘ಸೆಲ್’. ಅದು ಲ್ಯಾಟಿನ್ನಿನ ‘ಸೆಲ್ಲಾ’ದಿಂದ ಬಂದಿದ್ದು, ಅರ್ಥ ಪುಟ್ಟ ಕೋಣೆ. ಮಠದಲ್ಲಿ ಸನ್ಯಾಸಿಗಳು ಇರ್ತಿದ್ದ ಕೋಣೆಗೂ ಅದೇ ಪದ, ಜೇನುಗೂಡಿನ ಒಂದೊಂದು ತೂತಿಗೂ ಅದೇ ಪದ, ಜೈಲಿನ ಸೆಲ್ಲೂ ಅದೇ. ಜೀವದ ಸುದ್ದಿನೇ ಅದ್ರಲ್ಲಿಲ್ಲ. ನಮ್ಮ ‘ಕೋಶ’ ಕೂಡ ಹೆಚ್ಚುಕಮ್ಮಿ ಹಂಗೇನೇ, ಏನನ್ನೋ ಒಳಗಿಟ್ಕೊಂಡಿರೋ ಚೀಲನೋ ಖಜಾನೆನೋ ಗೂಡೋ, ಪದಗಳ ಖಜಾನೆ ಅಂತ ಡಿಕ್ಷನರಿನ ಪದಕೋಶ ಅಂತೀವಲ್ಲ ಹಂಗೆ. ಅದ್ರ ಮುಂದೆ ‘ಜೀವ’ ಅಂತ ಸೇರಿಸಿ ಜೀವಕೋಶ ಅಂದಾಗ, ಹುಕ್ ಆದ್ಮೇಲೆ ಸುಮಾರು ಇನ್ನೂರು ವರ್ಷ ನಡೆದ ಕಥೆನೆಲ್ಲಾ ಒಂದೇ ಪದದಲ್ಲಿ ತುಂಬಿದಂಗಾಯ್ತು. ಹುಕ್ ನೋಡಿದ್ದು ಕೋಶ. ಜೀವ ಆಮೇಲೆ ಬೇರೆಯವರು ಸೇರಿಸಿದ್ದು.

ಲೆನ್ಸ್ ನಿಜವಾಗ್ಲೂ ಏನ್ ಮಾಡುತ್ತೆ

ಒಂದು ಪೇಪರ್ ತಗೊಂಡು ಕಣ್ಣಿನ ಹತ್ರ ಹತ್ರ ತನ್ನಿ. ಸುಮಾರು 25 ಸೆಂಟಿಮೀಟರ್ ತನಕ ಅಕ್ಷರ ದೊಡ್ಡದಾಗ್ತಾ ಬರುತ್ತೆ, ಅದಕ್ಕಿಂತ ಹತ್ರ ಬಂದ್ರೆ ಮಬ್ಬಾಗುತ್ತೆ. ಮಕ್ಕಳಿಗೆ ಇನ್ನೂ ಹತ್ರ ಕಾಣುತ್ತೆ, ನಲವತ್ತು ದಾಟಿದವರು ಕೈ ದೂರ ಚಾಚಿ ಓದ್ತಾರೆ, ಸರಾಸರಿ ಲೆಕ್ಕಕ್ಕೆ 25 ಅಂತ ಇಟ್ಕೊಂಡಿದಾರೆ. ಆ ದೂರದಲ್ಲಿ ಮಿಲಿಮೀಟರಿನ ಹತ್ತನೇ ಒಂದು ಭಾಗ ಅಂತರ ಇರೋ ಎರಡು ಚುಕ್ಕಿ ಬೇರೆಬೇರೆಯಾಗಿ ಕಾಣ್ಬಹುದು, ಅದಕ್ಕಿಂತ ಹತ್ರ ಇದ್ರೆ ಎರಡೂ ಸೇರಿ ಒಂದೇ ಚುಕ್ಕಿ. ಬರಿಗಣ್ಣಿನ ಬಾರ್ಡರ್ ಇಷ್ಟೇ.

ಲೆನ್ಸಿನ ಕೆಲಸ ವಸ್ತುನ ಇನ್ನೂ ಹತ್ರ ತಂದ್ರೂ ಮಬ್ಬಾಗದೇ ಇರೋ ಹಾಗೆ ನೋಡ್ಕೊಳ್ಳೋದು. ಉಬ್ಬಿದ ಗಾಜು ಬೆಳಕನ್ನ ಒಳಮುಖ ಬಗ್ಗಿಸುತ್ತೆ, ಕಣ್ಣು ಮಾಡೋಕಾಗದ ಕೆಲಸದಲ್ಲಿ ಅರ್ಧ ತಾನು ಮಾಡ್ಕೊಡುತ್ತೆ. ನ್ಯೂಸ್ ಪೇಪರ್ ಮೇಲೆ ಪ್ಲಾಸ್ಟಿಕ್ ಕವರ್ ಹಾಸಿ ಒಂದು ಹನಿ ನೀರು ಬಿಡಿ, ಕೆಳಗಿನ ಅಕ್ಷರ ಉಬ್ಬಿ ಕಾಣುತ್ತೆ, ಅದೇ ಲೆನ್ಸು. ಹನಿ ಚಿಕ್ಕದಾದಷ್ಟೂ ಉಬ್ಬು ಜಾಸ್ತಿ, ಉಬ್ಬು ಜಾಸ್ತಿಯಾದಷ್ಟೂ ದೊಡ್ಡದಾಗಿ ಕಾಣುತ್ತೆ, ಇದೊಂದು ಪಾಯಿಂಟ್ ನೆನಪಿಟ್ಕೊಳ್ಳಿ, ಡೆಲ್ಫ್ಟ್ ಊರಿಗೆ ಹೋದಾಗ ಬೇಕಾಗುತ್ತೆ. ಲೆಕ್ಕ ಕೂಡ ಸಿಂಪಲ್, 25 ಸೆಂಟಿಮೀಟರನ್ನ ಲೆನ್ಸಿನ ಫೋಕಸ್ ದೂರದಿಂದ (ದೂರದಿಂದ ಬಂದ ಬೆಳಕನ್ನ ಲೆನ್ಸ್ ಎಷ್ಟು ದೂರದಲ್ಲಿ ಒಂದೇ ಚುಕ್ಕಿಗೆ ಸೇರಿಸುತ್ತೋ ಅಷ್ಟು) ಭಾಗಿಸೋದು. ಫೋಕಸ್ 1 ಸೆಂಟಿಮೀಟರ್ ಇದ್ರೆ 25 ಪಟ್ಟು, 1 ಮಿಲಿಮೀಟರ್ ಇದ್ರೆ 250 ಪಟ್ಟು.

ಒಂದೇ ಲೆನ್ಸ್ ಇದ್ರೆ ಭೂತಗನ್ನಡಿ. ಕೊಳವೆ ಒಳಗೆ ಎರಡು ಮೂರು ಲೆನ್ಸ್ ಜೋಡಿಸಿ, ಕೆಳಗಿನದು ಮಾಡಿದ ದೊಡ್ಡ ಚಿತ್ರನ ಮೇಲಿನದು ಮತ್ತೆ ದೊಡ್ಡದು ಮಾಡೋ ಹಾಗೆ ಇಟ್ರೆ ಅದು ಸಂಯುಕ್ತ ಸೂಕ್ಷ್ಮದರ್ಶಕ, ನಾವು ಲ್ಯಾಬಲ್ಲಿ ನೋಡೋದು ಇದನ್ನೇ. ಇಂಥ ಕೊಳವೆಗಳು 1600ರ ಆಸುಪಾಸಲ್ಲಿ ಯೂರೋಪಿನಲ್ಲಿ ಶುರುವಾದ್ವು, ಮೊದಲು ಮಾಡಿದ್ಯಾರು ಅನ್ನೋ ಜಗಳ ಇವತ್ತಿಗೂ ಮುಗಿದಿಲ್ಲ. ‘ಮೈಕ್ರೋಸ್ಕೋಪ್’ ಅನ್ನೋ ಹೆಸರು ಇಟ್ಟಿದ್ದು 1625ರಲ್ಲಿ, ಗೆಲಿಲಿಯೋ ಮಾಡಿದ ಒಂದು ಉಪಕರಣಕ್ಕೆ ಅವನ ಗೆಳೆಯ ಜಿಯೊವಾನಿ ಫೇಬರ್.

ಲಂಡನ್, 1663

ರಾಬರ್ಟ್ ಹುಕ್ ಹುಟ್ಟಿದ್ದು 1635ರಲ್ಲಿ, ಇಂಗ್ಲೆಂಡಿನ ದಕ್ಷಿಣಕ್ಕಿರೋ ವೈಟ್ ಅನ್ನೋ ದ್ವೀಪದಲ್ಲಿ. 1662ರಲ್ಲಿ ಅವನಿಗೆ ಲಂಡನ್ನಿನ ರಾಯಲ್ ಸೊಸೈಟಿ ಅನ್ನೋ ವಿಜ್ಞಾನ ಸಂಘದಲ್ಲಿ ಒಂದು ವಿಚಿತ್ರ ಕೆಲಸ ಸಿಕ್ತು: ಸೊಸೈಟಿ ಸಭೆಗಳಲ್ಲಿ ಪ್ರಯೋಗ ಮಾಡಿ ತೋರಿಸೋದು. ದೊಡ್ಡ ದೊಡ್ಡ ಮನುಷ್ಯರು ಕುರ್ಚಿ ಹಾಕ್ಕೊಂಡು ಕೂತಿರ್ತಾರೆ, ಸಭೆ ಸಭೆಗೂ ಇವನು ಹೊಸದೇನಾದ್ರೂ ತಂದು ಕಣ್ಣೆದುರಿಗೆ ಮಾಡಿ ತೋರಿಸ್ಬೇಕು. ಅಂಥ ಸಭೆಗಳಲ್ಲಿ ಅವನು 1663ರ ಏಪ್ರಿಲ್ ತಿಂಗಳಲ್ಲಿ ಕಾರ್ಕ್ ತೋರಿಸಿದ. ಎಲ್ಲಾ ಸೇರಿಸಿ ‘ಮೈಕ್ರೋಗ್ರಾಫಿಯಾ’ ಅನ್ನೋ ಪುಸ್ತಕ ಬಂದಿದ್ದು 1665ರಲ್ಲಿ. ಅಂದ್ರೆ 1665 ಅನ್ನೋದು ಪುಸ್ತಕದ ಇಸವಿ, ಕಾರ್ಕ್ ನೋಡಿದ್ದು ಅದಕ್ಕಿಂತ ಮುಂಚೆನೇ. ಎಕ್ಸಾಮಲ್ಲಿ ಮಾತ್ರ 1665 ಅಂತಾನೇ ಬರೀರಿ.

ಆ ಪುಸ್ತಕ ಭಾರೀ ಸುದ್ದಿ ಮಾಡ್ತು. ಮಡಚಿಟ್ಟ ಹಾಳೆ ಬಿಚ್ಚಿದ್ರೆ ಒಂದೂವರೆ ಅಡಿ ಉದ್ದದ ಚಿಗಟ! ಸ್ಯಾಮ್ಯುಯೆಲ್ ಪೀಪ್ಸ್ ಅನ್ನೋ ಸರ್ಕಾರಿ ಅಧಿಕಾರಿ ರಾತ್ರಿ ಎರಡು ಗಂಟೆ ತನಕ ಅದನ್ನೇ ಓದ್ತಾ ಕೂತಿದ್ದೆ ಅಂತ ತನ್ನ ಡೈರಿಲಿ ಬರ್ಕೊಂಡಿದಾನೆ. ಅಂದಹಾಗೆ ನೆಟ್ಟಲ್ಲಿ ‘ರಾಬರ್ಟ್ ಹುಕ್’ ಅಂತ ಹುಡುಕಿದ್ರೆ ಸಿಗೋ ಚಿತ್ರಗಳನ್ನ ನಂಬ್ಬೇಡಿ, ಅವನು ಬದುಕಿದ್ದಾಗ ಬರೆದ, ಇದು ಅವನದೇ ಅಂತ ಎಲ್ಲರೂ ಒಪ್ಪೋ ಚಿತ್ರ ಒಂದೂ ಉಳಿದಿಲ್ಲ. ಚಿಗಟಕ್ಕೆ ಅಷ್ಟು ಚೆಂದದ ಪೋರ್ಟ್ರೇಟ್ ಬರೆದವನಿಗೆ ಒಂದು ಪೋರ್ಟ್ರೇಟ್ ಇಲ್ಲ.

ಉಪಕರಣ ಹೆಂಗಿತ್ತು ಅಂದ್ರೆ, ಆರೇಳು ಇಂಚಿನ ಕೊಳವೆ, ಒಳಗಿನ ಭಾಗ ಎಳೆದು ಉದ್ದ ಮಾಡ್ಬಹುದು, ಕೆಳಗೆ ಚಿಕ್ಕ ಲೆನ್ಸ್, ಮೇಲೆ ಕಣ್ಣಿಡೋ ಲೆನ್ಸ್. ತೋರಿಸ್ತಿದ್ದಿದ್ದು ಸುಮಾರು 20ರಿಂದ 50 ಪಟ್ಟು ಅಂತ ಅಂದಾಜು, ಇವತ್ತಿನ ಸ್ಕೂಲ್ ಮೈಕ್ರೋಸ್ಕೋಪಿಗಿಂತ ಕಮ್ಮಿನೇ. ಬೆಳಕಿಗೆ ಕರೆಂಟ್ ಇಲ್ವಲ್ಲ, ಅದಕ್ಕೆ ಒಂದು ಎಣ್ಣೆ ದೀಪ, ಅದರ ಮುಂದೆ ತಿಳಿ ಉಪ್ಪುನೀರು ತುಂಬಿದ ಗಾಜಿನ ಗುಂಡು, ಅದರ ಮುಂದೆ ಇನ್ನೊಂದು ಲೆನ್ಸ್. ದೀಪದ ಬೆಳಕೆಲ್ಲಾ ಒಟ್ಟಾಗಿ ಒಂದೇ ಜಾಗಕ್ಕೆ ಬೀಳೋ ಹಾಗೆ.

ಕಾರ್ಕೇ ಯಾಕೆ?

ಇಲ್ಲಿ ನಮ್ಮ ಕನ್ನಡದ ಒಂದು ಪದ ಸಹಾಯಕ್ಕೆ ಬರುತ್ತೆ: ಬೆಂಡು. ಜೋಳದ ದಂಟಿನ ಸಿಪ್ಪೆ ಸುಲಿದ್ರೆ ಒಳಗೆ ಸಿಗೋ ಹಗೂರದ ತಿರುಳು ಬೆಂಡು, ಮದುವೇಲಿ ಹಣೆಗೆ ಕಟ್ಟೋ ಬಾಸಿಂಗ ಮಾಡೋದು ಬೆಂಡಲ್ಲಿ, ಬಾಟ್ಲಿಗೆ ಹಾಕೋ ಕಾರ್ಕ್ ಕೂಡ ಬೆಂಡೇ. ಕೈಗೆ ತಗೊಂಡ್ರೆ ಭಾರನೇ ಇಲ್ಲ, ಅಮುಕಿದ್ರೆ ಕುಗ್ಗುತ್ತೆ, ನೀರಿಗೆ ಹಾಕಿದ್ರೆ ತೇಲುತ್ತೆ. ಗಟ್ಟಿ ವಸ್ತು ಅಂತೀವಿ, ಆದ್ರೆ ಗಟ್ಟಿ ಇಲ್ಲ, ಯಾಕೆ?

ಹುಕ್‌ಗೆ ಕಾಡಿದ್ದು ಇದೇ ಪ್ರಶ್ನೆ. ಅವನೇನೂ ಜೀವದ ಗುಟ್ಟು ಹುಡುಕ್ತಿರ್ಲಿಲ್ಲ, ಸಾಮಾನುಗಳ ಗುಣ ಎಲ್ಲಿಂದ ಬರುತ್ತೆ ಅಂತ ನೋಡ್ತಿದ್ದ. ಕಾರ್ಕ್ ಅನ್ನೋದು ಪೋರ್ಚುಗಲ್, ಸ್ಪೇನ್ ಕಡೆ ಬೆಳೆಯೋ ಒಂದು ಜಾತಿ ಓಕ್ ಮರದ ತೊಗಟೆ. ಮೊದಲು ಅವನು ಪೆನ್ನು ಚೂಪು ಮಾಡೋ ಪುಟ್ಟ ಚಾಕುನ ಕ್ಷೌರದ ಕತ್ತಿ ಥರ ಮಸೆದು, ಒಂದು ತುಂಡು ಕತ್ತರಿಸಿ ಅದರ ನುಣುಪಾದ ಮೇಲ್ಮೈ ನೋಡಿದ. ಏನೋ ತೂತು ತೂತು ಇದ್ದಂಗಿದೆ ಅನ್ನಿಸ್ತು, ಆದ್ರೆ ಸ್ಪಷ್ಟ ಇಲ್ಲ. ಆಮೇಲೆ ಅದೇ ನುಣುಪಾದ ಜಾಗದಿಂದ ಆದಷ್ಟೂ ತೆಳ್ಳಗಿನ ಒಂದು ಪದರ ಹೆರೆದು ತೆಗೆದ.

ತೆಳ್ಳಗೆ ಯಾಕೆ ಬೇಕು? ಸೊಳ್ಳೆ ಪರದೆ ನೆನಪಿಸ್ಕೊಳ್ಳಿ. ಒಂದೇ ಪದರ ಹಿಡಿದು ನೋಡಿದ್ರೆ ಒಂದೊಂದು ಕಣ್ಣೂ ಎಣಿಸ್ಬಹುದು, ಹತ್ತು ಪದರ ಮಡಚಿಟ್ರೆ ಬರೀ ಬೆಳ್ಳಗಿನ ಬಟ್ಟೆ. ಕಾರ್ಕೂ ಹಂಗೇ, ದಪ್ಪ ತುಂಡಲ್ಲಿ ಒಂದರ ಹಿಂದೆ ಒಂದು ನೂರಾರು ಪದರ ಇರುತ್ತೆ, ಎಲ್ಲಾ ಸೇರಿ ಕಲಸಿಹೋಗುತ್ತೆ. ಸಸ್ಯಕೋಶ ಕಂಡುಹಿಡಿದಿದ್ರಲ್ಲಿ ಲೆನ್ಸಿಗೆ ಎಷ್ಟು ಪಾಲಿದೆಯೋ ಆ ಚಾಕುಗೂ ಅಷ್ಟೇ ಪಾಲಿದೆ ಅಂತ ನನಗನ್ಸುತ್ತೆ. ಕಾರ್ಕಿನ ಪದರ ಬೆಳ್ಳಗಿರೋದ್ರಿಂದ ಅದನ್ನ ಕಪ್ಪು ತಟ್ಟೆ ಮೇಲಿಟ್ಟು, ಲೆನ್ಸಿಂದ ಬೆಳಕು ಬೀಳಿಸಿ ನೋಡಿದ. ಜೇನುಗೂಡಿನ ಥರ ಕಾಣ್ತು, ಆದ್ರೆ ಅಷ್ಟು ಒಪ್ಪವಾಗಿ ಇರ್ಲಿಲ್ಲ. ಮಧ್ಯದ ಗೋಡೆಗಳು ಜೇನಿನ ಮೇಣದ ಗೋಡೆ ಥರ ತೆಳ್ಳಗೆ, ಒಳಗೆಲ್ಲಾ ಗಾಳಿ. ಇಂಥ ಪುಟಾಣಿ ಡಬ್ಬಗಳಿಗೆ ಅವನು ಸೆಲ್ ಅಂದ. ಉದ್ದಕ್ಕೆ ಕತ್ತರಿಸಿದ್ರೆ ಹೆಂಗೆ ಕಾಣುತ್ತೆ, ಅಡ್ಡಕ್ಕೆ ಕತ್ತರಿಸಿದ್ರೆ ಹೆಂಗೆ ಕಾಣುತ್ತೆ ಅಂತ ಎರಡೂ ಪಕ್ಕಪಕ್ಕ ಬರೆದು ತೋರಿಸಿದಾನೆ, ಒಂದು ಇಟ್ಟಿಗೆ ಸಾಲು, ಇನ್ನೊಂದು ದುಂಡು ದುಂಡು.

ಬೆಂಡಿನ ಗುಟ್ಟು ಅಲ್ಲಿಗೆ ಒಡೀತು. ಹಗುರ ಯಾಕೆ, ಹೆಚ್ಚಿನ ಜಾಗ ಗಾಳಿ. ಕುಗ್ಗೋದ್ಯಾಕೆ, ಗಾಳಿ ಕುಗ್ಗುತ್ತೆ ಬಿಟ್ರೆ ಮತ್ತೆ ಹಿಗ್ಗುತ್ತೆ. ನೀರು ಕುಡಿಯಲ್ಲ ಯಾಕೆ, ಒಂದು ಡಬ್ಬಕ್ಕೂ ಇನ್ನೊಂದಕ್ಕೂ ದಾರಿ ಇಲ್ಲ, ಎಲ್ಲಾ ಬಾಗಿಲು ಹಾಕಿರೋ ರೂಮು. ಮಂಡಕ್ಕಿ ಕೂಡ ಗಾಳಿ ತುಂಬ್ಕೊಂಡು ಹಗೂರಾಗಿರುತ್ತೆ, ಆದ್ರೆ ಸಾರಿಗೆ ಹಾಕಿದ ತಕ್ಷಣ ಮೆತ್ತಗಾಗುತ್ತೆ, ಕಾರ್ಕ್ ಆಗಲ್ಲ. ಕಾರ್ಕಿನ ಗೋಡೆಗಳಲ್ಲಿ ಸುಬೆರಿನ್ ಅನ್ನೋ ಮೇಣದಂಥ ವಸ್ತು ಇರುತ್ತೆ, ಅದು ನೀರು ಬಿಡಲ್ಲ ಅನ್ನೋದು ತುಂಬಾ ವರ್ಷ ಆದ್ಮೇಲೆ ಗೊತ್ತಾಗಿದ್ದು.

ಒಂದು ಘನ ಇಂಚಲ್ಲಿ 125 ಕೋಟಿ

ಹುಕ್ ಎಣಿಸೋಕೂ ಕೂತ. ಒಂದು ಇಂಚಿನ 18ನೇ ಒಂದು ಭಾಗದಲ್ಲಿ ಸುಮಾರು 60 ಕೋಶ ಸಾಲಾಗಿ ನಿಂತಿವೆ. ಅಂದ್ರೆ ಒಂದು ಇಂಚು ಉದ್ದಕ್ಕೆ 1,080. ಒಂದು ಚದರ ಇಂಚಿಗೆ 11,66,400. ಒಂದು ಘನ ಇಂಚಿಗೆ, ಅಂದ್ರೆ ದೊಡ್ಡ ಲೂಡೋ ದಾಳದಷ್ಟು ಕಾರ್ಕಿನಲ್ಲಿ, 125 ಕೋಟಿ 97 ಲಕ್ಷ 12 ಸಾವಿರ. ಕಣ್ಣಾರೆ ನೋಡದೇ ಇದ್ದಿದ್ರೆ ನಂಬೋಕೇ ಆಗ್ತಿರ್ಲಿಲ್ಲ ಅನ್ನೋ ಅರ್ಥದಲ್ಲಿ ಅವನೇ ಬರ್ಕೊಂಡಿದಾನೆ.

ನಾವೇ ತಿರುಗಿ ಲೆಕ್ಕ ಹಾಕಿದ್ರೆ ಒಂದು ಕೋಶದ ಅಗಲ 0.0235 ಮಿಲಿಮೀಟರ್ ಬರುತ್ತೆ. ಬರಿಗಣ್ಣಿನ ಬಾರ್ಡರ್ 0.1 ಅಂತ ಮೇಲೆ ಹೇಳಿದ್ನಲ್ಲ, ಅದರಲ್ಲಿ ನಾಲ್ಕು ಕೋಶ ಹಿಡಿಸುತ್ತೆ. ಮನುಷ್ಯರು ಸಾವಿರಾರು ವರ್ಷ ಮರ ಗಿಡ ಕಡಿದು ಕೊಯ್ದು ತಿಂದ್ರೂ ಇದನ್ನ ಯಾಕೆ ನೋಡಿರ್ಲಿಲ್ಲ ಅಂದ್ರೆ, ಬಾರ್ಡರಿಗಿಂತ ಬರೀ ನಾಲ್ಕು ಪಟ್ಟು ಆಚೆ ಇತ್ತು ಅಷ್ಟೇ.

ಹಾಗಾದ್ರೆ ಅವನು ನೋಡಿದ್ದೆಲ್ಲಾ ಖಾಲಿನಾ?

ಕಾರ್ಕ್ ಮಟ್ಟಿಗೆ ಹೌದು. ಮರದ ತೊಗಟೆಲಿ ಕೋಶ ಬೆಳೆದು, ಗೋಡೆಗೆ ಆ ಮೇಣ ಹಚ್ಕೊಂಡು, ಆಮೇಲೆ ಒಳಗಿದ್ದ ಜೀವ ಸಾಯುತ್ತೆ, ಗೋಡೆ ಉಳಿಯುತ್ತೆ. ಯಾರೂ ಇಲ್ಲದ ವಠಾರ ಇದ್ದಂಗೆ.

ಆದ್ರೆ ‘ಹುಕ್ ಬರೀ ಸತ್ತ ಕೋಶ ನೋಡಿದ’ ಅಂತ ಹೇಳೋದು ಪೂರ್ತಿ ಸರಿಯಿಲ್ಲ. ಅವನು ಕಾರ್ಕಿಗೆ ನಿಲ್ಲಿಸ್ಲಿಲ್ಲ, ಎಲ್ಡರ್ ಅನ್ನೋ ಗಿಡದ ಬೆಂಡು, ಕ್ಯಾರೆಟ್, ಸೋಂಪಿನ ಗಿಡ, ಜರಿಗಿಡ, ಜೊಂಡು ಹಿಂಗೆ ಸಿಕ್ಕಿದ್ದೆಲ್ಲಾ ಕತ್ತರಿಸಿ ನೋಡಿದ, ಎಲ್ಲದ್ರಲ್ಲೂ ಅದೇ ಥರ ರೂಮು. ಹಸೀ ಗಿಡಗಳಲ್ಲಿ ಈ ರೂಮುಗಳ ಒಳಗೆ ರಸ ತುಂಬಿರುತ್ತೆ ಅಂತಾನೂ ಬರ್ದಿದಾನೆ. ಅಂದ್ರೆ ಜೀವ ಇರೋ ಕೋಶಾನೂ ನೋಡಿದಾನೆ, ಆದ್ರೆ ಅದನ್ನ ಜೀವ ಅಂತ ಗುರುತಿಸ್ಲಿಲ್ಲ. ಅವನ ಪಾಲಿಗೆ ಅದು ರಸ ಹರಿಯೋ ವ್ಯವಸ್ಥೆಯ ಒಂದು ಭಾಗ, ಪೈಪ್‌ಲೈನ್ ಅಂದ್ಕೊಳ್ಳಿ.

ಪೈಪ್‌ಲೈನ್ ಅಂದ್ಮೇಲೆ ಒಂದು ರೂಮಿಂದ ಇನ್ನೊಂದಕ್ಕೆ ದಾರಿ ಇರ್ಬೇಕಲ್ವಾ? ಅದಕ್ಕೋಸ್ಕರ ತುಂಬಾ ಹುಡುಕಿದ. ಸಿಗ್ಲಿಲ್ಲ. ಸಿಗ್ಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತಲ್ಲ, ಪ್ರಕೃತಿ ಏನಾದ್ರೂ ವ್ಯವಸ್ಥೆ ಮಾಡ್ಕೊಂಡಿರ್ಬಹುದು ಅಂತ ಬಿಟ್ಟ. ಕಾರ್ಕ್ ಬಗ್ಗೆ ಬರೆದ ಆ ಅಧ್ಯಾಯದಲ್ಲೇ ಮುಂದೆ ಮುಟ್ಟಿದರೆ ಮುನಿ ಗಿಡದ ವಿಷಯನೂ ಬರುತ್ತೆ, ಮುಟ್ಟಿದ ತಕ್ಷಣ ಎಲೆ ಮಡಚ್ಕೊಳ್ಳುತ್ತಲ್ಲ, ಒಳಗೆ ರಸ ಆಕಡೆ ಈಕಡೆ ಹೋಗುತ್ತಾ ಅನ್ನೋ ಕುತೂಹಲ. ಆ ಬಾಗಿಲಿನ ವಿಷ್ಯ ಕೊನೇಲಿ ಮತ್ತೆ ಬರುತ್ತೆ.

ಡೆಲ್ಫ್ಟಿನ ಬಟ್ಟೆ ವ್ಯಾಪಾರಿ

ನೆದರ್ಲ್ಯಾಂಡ್ಸಿನ ಡೆಲ್ಫ್ಟಲ್ಲಿ ಆಂಟನಿ ವಾನ್ ಲೇವನ್‌ಹುಕ್ ಅಂತ ಒಬ್ಬ ಬಟ್ಟೆ ವ್ಯಾಪಾರಿ ಇದ್ದ, ಹುಟ್ಟಿದ್ದು 1632ರಲ್ಲಿ. ಬಟ್ಟೆ ವ್ಯಾಪಾರದಲ್ಲಿ ನೇಯ್ಗೆ ಎಷ್ಟು ದಟ್ಟ ಇದೆ ಅಂತ ನೂಲು ಎಣಿಸೋಕೆ ಭೂತಗನ್ನಡಿ ಬಳಸ್ತಿದ್ರು. ಇವನ ಉಪಕರಣ ನೋಡಿದ್ರೆ ಮೈಕ್ರೋಸ್ಕೋಪ್ ಅಂತ ಅನ್ಸೋದೇ ಇಲ್ಲ, ಬೆರಳುದ್ದದ ಲೋಹದ ತಗಡು, ಮಧ್ಯದಲ್ಲಿ ಸಾಸಿವೆ ಕಾಳಿನಷ್ಟು ಗಾಜಿನ ಲೆನ್ಸು, ಹಿಂದೆ ಒಂದು ಸೂಜಿ ಮೊನೆ, ಅದರ ಮೇಲೆ ನೋಡ್ಬೇಕಾದ್ದನ್ನ ಅಂಟಿಸೋದು, ಸ್ಕ್ರೂ ತಿರುಗಿಸಿ ಹತ್ರ ದೂರ ಮಾಡೋದು, ಕಣ್ಣಿಗೆ ತಾಗಿಸ್ಕೊಂಡು ನೋಡೋದು. ಆದ್ರೆ ತಾಕತ್ತು? ಉಟ್ರೆಕ್ಟಲ್ಲಿ ಉಳಿದಿರೋ ಅವನ ಒಂದು ಉಪಕರಣ ಸುಮಾರು 270 ಪಟ್ಟು ತೋರಿಸುತ್ತೆ. ಹನಿ ಚಿಕ್ಕದಾದಷ್ಟೂ ಉಬ್ಬು ಜಾಸ್ತಿ ಅಂದಿದ್ದೆನಲ್ಲ, ಅದೇ ಸೂತ್ರ.

ಲೆನ್ಸ್ ಮಾಡೋ ವಿಧಾನನ ಅವನು ಯಾರಿಗೂ ಬಿಟ್ಟುಕೊಡ್ಲಿಲ್ಲ. ಮಜಾ ಏನಪ್ಪಾ ಅಂದ್ರೆ 2021ರಲ್ಲಿ ಆ ಉಟ್ರೆಕ್ಟಿನ ಉಪಕರಣನ ಬಿಚ್ಚದೇನೇ ನ್ಯೂಟ್ರಾನ್ ಕಿರಣ ಹಾಯಿಸಿ ಒಳಗೆ ನೋಡಿದ್ರು, ಲೆನ್ಸು ಗಾಜಿನ ಎಳೆ ತುದಿನ ಉರಿಯಲ್ಲಿ ಕರಗಿಸಿ ಮಾಡಿದ ಮಣಿ. ಆ ವಿಧಾನ ಹುಕ್ ತನ್ನ ಪುಸ್ತಕದ ಮುನ್ನುಡಿಲಿ ಎಲ್ಲರಿಗೂ ಕಾಣೋ ಹಾಗೆ ಬರೆದು ಇಟ್ಟಿದ್ದೇ! ಹುಕ್‌ಗೆ ಒಂಟಿ ಮಣಿ ಚೆನ್ನಾಗಿ ತೋರಿಸುತ್ತೆ ಅಂತ ಗೊತ್ತಿತ್ತು, ಆದ್ರೆ ಕಣ್ಣಿಗೆ ತುಂಬಾ ತ್ರಾಸು ಅಂತ ಬಿಟ್ಟಿದ್ದ.

1673ರಿಂದ ಲೇವನ್‌ಹುಕ್ ರಾಯಲ್ ಸೊಸೈಟಿಗೆ ಕಾಗದ ಬರೆಯೋಕೆ ಶುರು ಮಾಡಿದ, 1723ರಲ್ಲಿ ಸಾಯೋ ತನಕ ಬರೀತಾನೇ ಇದ್ದ. 1676ರಲ್ಲಿ ಮೆಣಸಿನಕಾಳು ಯಾಕೆ ಖಾರ ಅಂತ ತಿಳ್ಕೊಳ್ಳೋಕೆ ಅದನ್ನ ನೀರಲ್ಲಿ ನೆನೆಹಾಕಿ ನೋಡಿದ್ರೆ ಲೆಕ್ಕ ಇಲ್ಲದಷ್ಟು ಪುಟ್ಟ ಜೀವಿಗಳು ಓಡಾಡ್ತಿದ್ವು, ಅದರಲ್ಲಿ ನಾವೀಗ ಬ್ಯಾಕ್ಟೀರಿಯಾ ಅನ್ನೋವೂ ಇದ್ವು. ಲಂಡನ್ನಿನವರು ನಂಬ್ಲಿಲ್ಲ, 1677ರಲ್ಲಿ ಹುಕ್ ತಾನೇ ಮೆಣಸಿನ ನೀರು ಮಾಡಿ ಸಭೆಗೆ ತೋರಿಸಿದ್ಮೇಲೆ ಒಪ್ಪಿದ್ರು.

1674ರಲ್ಲಿ ಅವನು ಕಾಗದದ ಜೊತೆ ಪುಟ್ಟ ಪೊಟ್ಟಣಗಳಲ್ಲಿ ತಾನು ಕತ್ತರಿಸಿದ ಸ್ಯಾಂಪಲ್ ಕೂಡ ಕಳ್ಸಿದ್ದ, ಅದರಲ್ಲಿ ಕಾರ್ಕಿನ ಪದರ, ಎಲ್ಡರ್ ಬೆಂಡಿನ ಪದರ ಎರಡೂ ಇತ್ತು. ಕಾಗದನ ಫೈಲ್ ಮಾಡಿಟ್ರು, ಪೊಟ್ಟಣ ಅಲ್ಲೇ ಅಂಟ್ಕೊಂಡಿತ್ತು. 1981ರಲ್ಲಿ ಬ್ರಯನ್ ಫೋರ್ಡ್ ಅನ್ನೋ ಸಂಶೋಧಕ ಹಳೇ ಕಡತ ತೆಗೆದು ನೋಡಿದ್ರೆ ಮುನ್ನೂರು ವರ್ಷದ ಪದರಗಳು ಹಂಗ್ಹಂಗೇ ಕೂತಿವೆ. ಅವನ್ನ ಲೇವನ್‌ಹುಕ್‌ನದೇ ಉಟ್ರೆಕ್ಟಿನ ಲೆನ್ಸಲ್ಲಿ ನೋಡಿ ಫೋಟೋ ತೆಗೆದ್ರು.

ಗಿಡಗಳನ್ನೇ ಪೂರ್ತಿ ಬಿಚ್ಚಿ ನೋಡಿದ ಇಬ್ಬರು

ಹುಕ್‌ಗೆ ಗಿಡ ನೂರೆಂಟು ವಿಷಯಗಳಲ್ಲಿ ಒಂದು. ಗಿಡನೇ ಮುಖ್ಯ ಅಂತ ಹಿಡಿದವರು ಇಟಲಿಯ ಮಾರ್ಚೆಲ್ಲೊ ಮಾಲ್ಪೀಗಿ ಮತ್ತೆ ಇಂಗ್ಲೆಂಡಿನ ನೆಹೆಮಿಯಾ ಗ್ರೂ, ಇಬ್ಬರೂ ಡಾಕ್ಟ್ರು. 1671ರ ಡಿಸೆಂಬರಲ್ಲಿ ಒಂದೇ ದಿನ ಇಬ್ಬರ ಕೆಲಸನೂ ರಾಯಲ್ ಸೊಸೈಟಿ ಮುಂದೆ ಬಂತು, ಒಬ್ಬರದು ಹಸ್ತಪ್ರತಿ, ಇನ್ನೊಬ್ಬರದು ಅಚ್ಚಾದ ಪುಸ್ತಕ. ಬೇರು, ಕಾಂಡ, ಎಲೆ, ಬೀಜ ಎಲ್ಲಾ ಕತ್ತರಿಸಿ ನೋಡಿ ಎಲ್ಲಿ ಕೋಶ ದುಂಡಗಿದೆ, ಎಲ್ಲಿ ಕೊಳವೆ ಥರ ಉದ್ದಕ್ಕಿದೆ ಅಂತ ನಕ್ಷೆ ಮಾಡಿದ್ರು. ಮಾಲ್ಪೀಗಿ ಅವನ್ನ ಪುಟ್ಟ ಚೀಲ ಅಂದ, ಗ್ರೂ ಗುಳ್ಳೆ ಅಂದ, ಬೀರಿನ ನೊರೆ ಥರ ಅಂತಾನೂ ಹೇಳಿದ. ಗ್ರೂ 1682ರಲ್ಲಿ ತಂದ ದೊಡ್ಡ ಪುಸ್ತಕದ ಚಿತ್ರಗಳನ್ನ ನೋಡಿ, ಲೇಸ್ ಹೆಣೆದಂಗಿದೆ. ಆದ್ರೂ ಗಮನಿಸಿ, ಚೀಲ, ಗುಳ್ಳೆ, ನೊರೆ, ಕೋಣೆ, ಎಲ್ಲಾ ಪದಾನೂ ಗೋಡೆ ಬಗ್ಗೇನೇ ಇದೆ. ಒಳಗಿರೋದ್ರ ಬಗ್ಗೆ ಯಾರಿಗೂ ಪದ ಇಲ್ಲ.

ಆಮೇಲೆ ನೂರೈವತ್ತು ವರ್ಷ ಯಾಕೆ ಸುಮ್ನಿದ್ರು?

ಸುಮ್ನೇನೂ ಇರ್ಲಿಲ್ಲ, ಲೆನ್ಸ್ ಕೈಕೊಡ್ತು. ಮಳೆಬಿಲ್ಲು ಹೆಂಗಾಗುತ್ತೆ ಗೊತ್ತಲ್ಲ, ಬಿಳಿ ಬೆಳಕಲ್ಲಿರೋ ಒಂದೊಂದು ಬಣ್ಣ ಒಂದೊಂದು ಪ್ರಮಾಣದಲ್ಲಿ ಬಗ್ಗುತ್ತೆ. ಲೆನ್ಸಿನ ಅಂಚು ಒಂಥರಾ ಪಟ್ಟಕ ಇದ್ದಂಗೆ, ಅಲ್ಲೂ ನೀಲಿ ಒಂದು ಕಡೆ ಸೇರುತ್ತೆ, ಕೆಂಪು ಇನ್ನೊಂದು ಕಡೆ ಸೇರುತ್ತೆ, ನೋಡೋ ವಸ್ತುವಿನ ಸುತ್ತ ಬಣ್ಣಬಣ್ಣದ ಅಂಚು ಬರುತ್ತೆ. ಒಂಟಿ ಲೆನ್ಸಲ್ಲಿ ಇದು ಹೆಂಗೋ ತಡ್ಕೋಬಹುದು, ಆದ್ರೆ ಕೊಳವೆಲಿ ಎರಡು ಮೂರು ಲೆನ್ಸ್ ಇದ್ರೆ? ಜೆರಾಕ್ಸಿಂದ ಜೆರಾಕ್ಸ್ ತೆಗೆದಂಗೆ, ಅಕ್ಷರ ದೊಡ್ಡದು ಮಾಡ್ತಾ ಹೋದ್ರೆ ಮೊದಲನೇ ಪ್ರತಿಯ ಮಸಿ ಕಲೆನೂ ದೊಡ್ಡದಾಗ್ತಾ ಹೋಗುತ್ತೆ. ಅಂಚಿನ ಬೆಳಕು ತಡೆಯೋಣ ಅಂತ ಕಿಂಡಿ ಚಿಕ್ಕದು ಮಾಡಿದ್ರೆ ಕತ್ತಲೆ. ಇದಕ್ಕೆ ಮದ್ದಿಲ್ಲ ಅಂತ ನ್ಯೂಟನ್ನೇ ಅಂದ್ಕೊಂಡಿದ್ದ.

ಮದ್ದಿತ್ತು. ಎರಡು ಬೇರೆ ಬೇರೆ ಜಾತಿ ಗಾಜು ತಗೊಂಡು, ಒಂದು ಉಬ್ಬು ಒಂದು ತಗ್ಗು ಲೆನ್ಸ್ ಮಾಡಿ ಅಂಟಿಸಿದ್ರೆ, ಒಂದು ಬಣ್ಣ ಚದುರಿಸುತ್ತೆ ಇನ್ನೊಂದು ಅದನ್ನ ವಾಪಸ್ ಸೇರಿಸುತ್ತೆ. ಟೆಲಿಸ್ಕೋಪಿಗೆ ಇದು 1758ರ ಹೊತ್ತಿಗೆ ಬಂತು, ಆದ್ರೆ ಮೈಕ್ರೋಸ್ಕೋಪಿನ ಕಾಳಿನಷ್ಟು ಲೆನ್ಸಿಗೆ ಅಳವಡಿಸೋದು ಕಷ್ಟ ಆಯ್ತು. ಅದರ ಲೆಕ್ಕಾಚಾರ ಸರಿಯಾಗಿ ಬಿಡಿಸಿಟ್ಟಿದ್ದು 1830ರಲ್ಲಿ ಜೋಸೆಫ್ ಜಾಕ್ಸನ್ ಲಿಸ್ಟರ್, ಕಸುಬಿಂದ ವೈನ್ ವ್ಯಾಪಾರಿ, ಅಂದ್ರೆ ದಿನಾ ಬೆಂಡಿನ ಜೊತೆನೇ ವ್ಯವಹಾರ! ಆಪರೇಷನ್ ಥಿಯೇಟರಲ್ಲಿ ಕ್ರಿಮಿನಾಶಕ ತಂದ ಡಾಕ್ಟರ್ ಜೋಸೆಫ್ ಲಿಸ್ಟರ್ ಇವನ ಮಗ.

ರೂಮೊಳಗೆ ಯಾರೋ ಇದಾರೆ

ಲೆನ್ಸ್ ಸುಧಾರಿಸ್ತಾ ಬಂದಂಗೆ ಜನ ಗೋಡೆ ಬಿಟ್ಟು ಒಳಗೆ ನೋಡೋಕೆ ಶುರು ಮಾಡಿದ್ರು. ಒಳಗಿರೋದು ಹೆಚ್ಚುಕಮ್ಮಿ ನೀರಿನ ಥರ ಪಾರದರ್ಶಕ, ಬಣ್ಣ ಇಲ್ಲ, ಅದಕ್ಕೇ ಅಷ್ಟು ದಿನ ಕಣ್ಣಿಗೆ ಬಿದ್ದಿರ್ಲಿಲ್ಲ. 1831ರಲ್ಲಿ ಸ್ಕಾಟ್ಲೆಂಡಿನ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಆರ್ಕಿಡ್ ಎಲೆಯ ಪೊರೆ ನೋಡ್ತಾ, ಪ್ರತಿ ಕೋಶದಲ್ಲೂ ಸ್ವಲ್ಪ ಮಬ್ಬಾದ ಒಂದು ದುಂಡನೆ ಚುಕ್ಕಿ ಇದೆ ಅಂದ, ನ್ಯೂಕ್ಲಿಯಸ್ ಅಂತ ಹೆಸರಿಟ್ಟ, ನಮ್ಮ ಕೋಶಕೇಂದ್ರ. ಅವನಿಗಿಂತ ಮುಂಚೆನೂ ಕೆಲವರ ಚಿತ್ರಗಳಲ್ಲಿ ಆ ಚುಕ್ಕಿ ಇತ್ತು, ಆದ್ರೆ ಇದು ಎಲ್ಲಾ ಕಡೆ ಇದೆ, ಇದೇನೋ ಮುಖ್ಯ ಅಂತ ಹೇಳಿದ್ದು ಬ್ರೌನ್.

1838ರಲ್ಲಿ ಜರ್ಮನಿಯ ಶ್ಲೈಡೆನ್ (ವಕೀಲಿಕೆ ಬಿಟ್ಟು ಸಸ್ಯವಿಜ್ಞಾನಕ್ಕೆ ಬಂದವನು) ಗಿಡದ ಎಲ್ಲಾ ಭಾಗನೂ ಕೋಶಗಳಿಂದಲೇ ಆಗಿರೋದು ಅಂದ, ಮಾರನೇ ವರ್ಷ ಅವನ ಗೆಳೆಯ ಶ್ವಾನ್ ಪ್ರಾಣಿಗಳೂ ಹಂಗೇ ಅಂದ. ಅಲ್ಲಿಗೆ ಕೋಶ ಅನ್ನೋದು ಗಿಡದೊಳಗಿನ ರೂಮು ಅನ್ನೋದು ಹೋಗಿ, ಜೀವದ ಒಂದೊಂದು ಘಟಕ ಅಂತಾಯ್ತು. ಆದ್ರೆ ಹೊಸ ಕೋಶ ಎಲ್ಲಿಂದ ಬರುತ್ತೆ ಅನ್ನೋದ್ರಲ್ಲಿ ಇಬ್ಬರೂ ತಪ್ಪಿದ್ರು, ಸಕ್ಕರೆ ಪಾಕದಲ್ಲಿ ಹರಳು ಕಟ್ಟೋ ಥರ ದ್ರವದಲ್ಲಿ ತಾನಾಗೇ ಕಟ್ಟುತ್ತೆ ಅಂದ್ಕೊಂಡಿದ್ರು. ಜರ್ಮನಿಯ ಇನ್ನೊಬ್ಬ ಸಸ್ಯವಿಜ್ಞಾನಿ ಹ್ಯೂಗೊ ಫಾನ್ ಮೋಲ್ 1835ರಲ್ಲೇ ಪಾಚಿಲಿ ಒಂದು ಕೋಶ ಎರಡಾಗೋದನ್ನ ನೋಡಿ ಬರೆದಿದ್ದ. ರೆಮಾಕ್ ಅನ್ನೋ ವಿಜ್ಞಾನಿ ಅದನ್ನೇ ಪ್ರಾಣಿಗಳಲ್ಲಿ ತೋರಿಸಿದ, 1855ರಲ್ಲಿ ವಿರ್ಕೋವ್ ಅನ್ನೋ ಜರ್ಮನ್ ಡಾಕ್ಟರು ಕೋಶದಿಂದಲೇ ಕೋಶ ಅಂತ ಒಂದೇ ಸಾಲಲ್ಲಿ ಹೇಳಿದ, ಆ ಸಾಲೇ ಫೇಮಸ್ ಆಯ್ತು. ಅಷ್ಟರಲ್ಲಿ ಗೋಡೆ ಒಳಗಿನ ಅಂಟಂಟಾದ ವಸ್ತುಗೆ 1846ರಲ್ಲಿ ಮೋಲ್ ಪ್ರೋಟೋಪ್ಲಾಸಂ ಅಂತ ಹೆಸರಿಟ್ಟಿದ್ದ, ಜೀವದ್ರವ್ಯ. ಜೀವ ಇರೋದು ಇಲ್ಲಿ, ಗೋಡೆ ಅದು ಕಟ್ಕೊಂಡಿರೋ ಮನೆ.

ಅವಳ ಪ್ರಶ್ನೆಗೆ ಉತ್ತರ ಇದೇ. ಹುಕ್ ಮನೆ ನೋಡಿ ಹೆಸರಿಟ್ಟ, 180 ವರ್ಷ ಆದ್ಮೇಲೆ ಮನೆಯವರು ಸಿಕ್ರು, ಅಷ್ಟರಲ್ಲಿ ಮನೆ ಹೆಸರೇ ಮನೆಯವರಿಗೂ ಅಂಟ್ಕೊಂಡಿತ್ತು.

ಈರುಳ್ಳಿ ಹಿಡ್ಕೊಂಡು ಕೂತಿರೋವ್ರಿಗೆ

ಈರುಳ್ಳಿ ಯಾಕೆ ಅಂದ್ರೆ, ಚಾಕು ಕೆಲಸನೇ ಬೇಡ. ಒಂದು ಎಸಳನ್ನ ಮುರಿದಾಗ ಒಳಬದಿಲಿ ಬರೋ ಪಾರದರ್ಶಕ ಪೊರೆ ಒಂದೇ ಕೋಶದಷ್ಟು ದಪ್ಪ, ಹುಕ್ ಅಷ್ಟು ಕಷ್ಟಪಟ್ಟು ಹೆರೆದು ತೆಗೆದಿದ್ದು ಇಲ್ಲಿ ಪುಕ್ಕಟೆ ಸಿಗುತ್ತೆ. ಕೋಶಗಳೂ ಕಾರ್ಕಿಗಿಂತ ಎಷ್ಟೋ ಉದ್ದ, ಮಿಲಿಮೀಟರಿನ ಕಾಲು ಭಾಗದ ಹತ್ರ ಇರುತ್ತೆ, ಅದಕ್ಕೇ ಕ್ಲಿಪ್ ಲೆನ್ಸಲ್ಲೂ ಕಾಣುತ್ತೆ. ಪೊರೆನ ಗಾಜಿನ ಮೇಲೆ ಒಂದು ಹನಿ ನೀರಲ್ಲಿ ಸುಕ್ಕಿಲ್ಲದಂಗೆ ಹರಡಿ. ಬಣ್ಣ ಹಾಕಿಲ್ಲ ಅಂದ್ರೆ ಬರೀ ಗೆರೆ ಕಾಣುತ್ತೆ, ಅಂದ್ರೆ ಹುಕ್ ನೋಡಿದ್ದಷ್ಟೇ. ಗಾಯಕ್ಕೆ ಹಚ್ಚೋ ಅಯೋಡಿನ್ ದ್ರಾವಣನ ನೀರಲ್ಲಿ ತೆಳು ಮಾಡಿ ಒಂದು ಹನಿ ಬಿಟ್ರೆ ಕೋಶಕೇಂದ್ರ ಹಳದಿ ಕಂದು ಬಣ್ಣ ಹಿಡ್ಕೊಳ್ಳುತ್ತೆ, ಕ್ಲಿಪ್ ಲೆನ್ಸಲ್ಲಿ ಕಷ್ಟ, ಸ್ಕೂಲಿನ ಮೈಕ್ರೋಸ್ಕೋಪಲ್ಲೋ 140 ಪಟ್ಟು ತೋರಿಸೋ ಪೇಪರ್ ಫೋಲ್ಡ್‌ಸ್ಕೋಪಲ್ಲೋ ಚೆನ್ನಾಗಿ ಕಾಣುತ್ತೆ. ಈ ಫೋಲ್ಡ್‌ಸ್ಕೋಪ್ ಮಾಡಿದ್ದು ಕಾನ್ಪುರದ ಐಐಟಿಲಿ ಓದಿ ಈಗ ಸ್ಟ್ಯಾನ್‌ಫರ್ಡಲ್ಲಿರೋ ಮನು ಪ್ರಕಾಶ್ ಮತ್ತು ಅವರ ತಂಡ, ಒಳಗಿರೋದು ಲೇವನ್‌ಹುಕ್ ಥರದ್ದೇ ಪುಟ್ಟ ಒಂಟಿ ಲೆನ್ಸ್.

ಕಪ್ಪು ದಪ್ಪ ಅಂಚಿರೋ ಪಕ್ಕಾ ದುಂಡನೆ ವೃತ್ತ ಕಂಡ್ರೆ ಅದು ಕೋಶ ಅಲ್ಲ, ಗಾಳಿ ಗುಳ್ಳೆ. ಹಸಿರು ಚುಕ್ಕಿ ಹುಡುಕ್ಬೇಡಿ, ಈರುಳ್ಳಿಯ ಆ ಭಾಗ ಮಣ್ಣೊಳಗೆ ಬೆಳೆಯೋದು, ಬಿಸಿಲಿಲ್ಲ, ಹಂಗಾಗಿ ಪತ್ರಹರಿತ್ತಿನ ಕೆಲಸ ಅಲ್ಲಿಲ್ಲ.

ಇಷ್ಟೆಲ್ಲಾ ಹೇಳಿದ್ಮೇಲೆ ಅವಳದ್ದು ಇನ್ನೊಂದು ಮೆಸೇಜ್ ಬಂತು, “ಮಾಮ, ಆ ಬಾಗಿಲು ಕೊನೆಗೂ ಸಿಕ್ತಾ?” ಸಿಕ್ತು. 1879ರಲ್ಲಿ ಎಡ್ವರ್ಡ್ ಟಾಂಗ್ಲ್ ಅನ್ನೋನು ಬೀಜಗಳ ಕೋಶಗೋಡೆಲಿ ಒಂದು ಕೋಶದಿಂದ ಇನ್ನೊಂದಕ್ಕೆ ಹೋಗೋ ಸಣ್ಣ ಎಳೆಗಳನ್ನ ನೋಡಿದ, 1901ರಲ್ಲಿ ಸ್ಟ್ರಾಸ್‌ಬರ್ಗರ್ ಅನ್ನೋ ಸಸ್ಯವಿಜ್ಞಾನಿ ಅದಕ್ಕೆ ಪ್ಲಾಸ್ಮೋಡೆಸ್ಮಾ ಅಂತ ಹೆಸರಿಟ್ಟ. ನೀನು ಕಳ್ಸಿರೋ ಫೋಟೋದಲ್ಲಿ ಒಂದೊಂದು ಗೆರೆ ಒಳಗೂ ಅಂಥವು ತುಂಬಾ ಇವೆ ಅಂತ ಬರೆದೆ. ಜೂಮ್ ಮಾಡಿದ್ರೆ ಕಾಣಲ್ಲ ಮಗಳೇ, ಒಂದೊಂದರ ಅಗಲ ಮಿಲಿಮೀಟರಿನ ಇಪ್ಪತ್ತು ಸಾವಿರದಲ್ಲಿ ಒಂದು ಭಾಗ.